ತಾವೇ ಇಟ್ಟುಕೊಂಡ ಹೆಸರು

ಶಾಂಘಾಯ್, ಬೀಜಿಂಗ್‌ಗಳ ಕಚೇರಿಗಳಲ್ಲಿ, ಹಾಂಗ್‌ಕಾಂಗಿನ ಅಂಗಡಿಗಳಲ್ಲಿ, ಹೊರದೇಶಗಳಿಗೆ ಓದಲು ಬಂದ ಚೀನೀ ವಿದ್ಯಾರ್ಥಿಗಳ ನಡುವೆ ಕೆಲವು ಹೆಸರುಗಳು ಕಿವಿಗೆ ಬೀಳುತ್ತವೆ. ಆ್ಯಪಲ್, ಸ್ನೋ, ವಿಂಟರ್, ಫಿಶ್, ರೇನ್‌ಬೋ, ಸೆವೆನ್, ಲಕ್ಕಿ. ಸೇಬು, ಹಿಮ, ಚಳಿಗಾಲ, ಮೀನು, ಕಾಮನಬಿಲ್ಲು, ಏಳು, ಅದೃಷ್ಟವಂತ. ಇವು ಗೆಳೆಯರು ತಮಾಷೆಗೆ ಕೂಗಿದ ಅಡ್ಡಹೆಸರುಗಳಲ್ಲ. ಓದುಬರಹ ಬಲ್ಲ, ಬುದ್ಧಿ ಬಲಿತ ಜನ ತಮಗೆ ತಾವೇ ಆರಿಸಿ ಇಟ್ಟುಕೊಂಡ ಇಂಗ್ಲಿಷ್ ಹೆಸರುಗಳು.

ಇಂಗ್ಲಿಷರಿಗೆ ಇವನ್ನು ಕೇಳಿದರೆ ನಗೆ. ಅಲ್ಲಿಗೆ ಹೋಗಿಬಂದವರು ಇಂಥ ಹೆಸರುಗಳ ಪಟ್ಟಿ ಮಾಡಿ ಹತ್ತು ಜನರಿಗೆ ಹೇಳಿ ನಗಿಸುವುದುಂಟು. ಇಂಗ್ಲಿಷ್ ಕಲಿತ ನಾವೂ ಆ ನಗೆಯಲ್ಲಿ ಸೇರಿಕೊಳ್ಳುತ್ತೇವೆ, ಇಂಗ್ಲಿಷ್ ನಮಗೆ ಅವರಿಗಿಂತ ಒಂದು ಕೈ ಹೆಚ್ಚು ಬರುತ್ತದೆ ಎಂಬ ಸಣ್ಣ ಹೆಮ್ಮೆಯೂ ಅದರೊಳಗೆ ಇರುತ್ತದೆ. ಮೂವತ್ತೈದು ವರ್ಷ ತರಗತಿಯಲ್ಲಿ ಹಾಜರಿ ಕರೆದವನು ನಾನು. ಹೆಸರು ಕರೆದಾಗ ಒಂದು ಮುಖ ಮೇಲೇಳುವುದನ್ನು ಅಷ್ಟು ಕಾಲ ನೋಡಿದವನಿಗೆ ಇನ್ನೊಬ್ಬರ ಹೆಸರನ್ನು ಕಂಡು ಸುಮ್ಮನೆ ನಗುವುದು ಅಷ್ಟು ಸುಲಭವಲ್ಲ. ಆದ್ದರಿಂದ ಈ ನಗೆಯನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ವ್ಯಾಕರಣದ ಪಾಠವನ್ನು ಕೊಂಚ ನೆನಪಿಸಿಕೊಳ್ಳಿ. ನಮ್ಮಲ್ಲಿ ನಾಮಪದಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ವಿಂಗಡಿಸುತ್ತಾರೆ. ನದಿ, ಮರ, ಹಣ್ಣು ರೂಢನಾಮಗಳು. ವ್ಯವಹಾರಕ್ಕೆಂದು ಒಬ್ಬ ವ್ಯಕ್ತಿಗೆ ಇಟ್ಟದ್ದು ಅಂಕಿತನಾಮ. ಇಂಗ್ಲಿಷಿನಲ್ಲಿ ಈ ಎರಡರ ನಡುವೆ ಗೋಡೆಯೇ ಎದ್ದಿದೆ. ಜಾನ್, ಮೇರಿ, ಪೀಟರ್ ಮುಂತಾದವು ಹೀಬ್ರೂ ಭಾಷೆಯಿಂದಲೋ ಗ್ರೀಕಿನಿಂದಲೋ ಬಂದವು. ಮೂಲದಲ್ಲಿ ಅವಕ್ಕೆ ಅರ್ಥವಿತ್ತು. ಇಂದು ಅವು ಬರಿಯ ಹೆಸರುಗಳು. ಪೀಟರ್ ಎಂದರೆ ಬಂಡೆಗಲ್ಲು ಎಂಬುದು ಆ ಹೆಸರಿನವನಿಗೇ ನೆನಪಿರುವುದಿಲ್ಲ. ನಮ್ಮ ಕಲ್ಲಪ್ಪನಿಗೆ ಅಂಥ ಮರೆವು ಸಾಧ್ಯವಿಲ್ಲ.

ಚೀನೀ ಭಾಷೆಯಲ್ಲಿ ಆ ಗೋಡೆಯೇ ಇಲ್ಲ. ಅಲ್ಲಿ ವಂಶದ ಹೆಸರು ಮೊದಲು ಬರುತ್ತದೆ, ವ್ಯಕ್ತಿಯ ಹೆಸರು ಆಮೇಲೆ. ವಂಶದ ಹೆಸರುಗಳು ಜನಸಂಖ್ಯೆಗೆ ಹೋಲಿಸಿದರೆ ತೀರ ಕಡಿಮೆ. ವಾಂಗ್, ಲೀ ಎಂಬ ಎರಡರಲ್ಲೇ ಒಂದೊಂದಕ್ಕೂ ಹತ್ತು ಕೋಟಿಗೆ ಮೇಲ್ಪಟ್ಟು ಜನರಿದ್ದಾರೆ. ವ್ಯಕ್ತಿಯ ಹೆಸರಾದರೋ ಒಂದು ಅಥವಾ ಎರಡು ಅಕ್ಷರ. ಅಕ್ಷರವೆಂದರೆ ಅಲ್ಲಿ ಅರ್ಥವುಳ್ಳ ಜೀವಂತ ಶಬ್ದ. ಇಂಥವೇ ಹೆಸರುಗಳು ಎಂಬ ಸಿದ್ಧಪಟ್ಟಿ ಇಲ್ಲ. ಭಾಷೆಯಲ್ಲಿರುವ ಒಳ್ಳೆಯ ಶಬ್ದ ಯಾವುದೂ ಹೆಸರಾಗಬಹುದು. ಹಿಮ ಬಿದ್ದ ದಿನ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಹಿಮವೆಂಬ ಅರ್ಥದ 'ಶುಎ' ಸೇರಬಹುದು. ಜಾತಕ ನೋಡಿ ಪಂಚಧಾತುಗಳಲ್ಲಿ ಯಾವುದು ಕಡಿಮೆಯೋ ಅದನ್ನು ಹೆಸರಿನಲ್ಲಿ ತುಂಬಿಕೊಡುವ ಪದ್ಧತಿಯೂ ಇದೆ. ಲೂ ಶುನ್ 1921ರಲ್ಲಿ ಪ್ರಕಟಿಸಿದ, ಹುಟ್ಟೂರಿಗೆ ಮರಳುವವನ ಕಥೆಯಲ್ಲಿ ರುನ್‌ತು ಎಂಬ ಹುಡುಗನೊಬ್ಬ ಬರುತ್ತಾನೆ. ಅವನು ಅಧಿಕಮಾಸದಲ್ಲಿ ಹುಟ್ಟಿದವನು, ಅವನ ಜಾತಕದಲ್ಲಿ ಮಣ್ಣಿನ ಅಂಶವಿರಲಿಲ್ಲ. ಆದ್ದರಿಂದ ಅಧಿಕ ಎಂಬ ಅರ್ಥದ ಒಂದು ಅಕ್ಷರವನ್ನೂ ಮಣ್ಣು ಎಂಬ ಅರ್ಥದ ಇನ್ನೊಂದನ್ನೂ ಜೋಡಿಸಿ ತಂದೆ ಹೆಸರಿಟ್ಟ. ನಕ್ಷತ್ರಪಾದಕ್ಕೆ ಅಕ್ಷರ ಹುಡುಕುವ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಬಾರದು.

ಹೀಗೆ ಬೆಳೆದವನೊಬ್ಬ ಇಂಗ್ಲಿಷ್ ಹೆಸರು ಬೇಕೆಂದಾಗ ಏನು ಮಾಡುತ್ತಾನೆ? ತನ್ನ ಭಾಷೆಯ ನ್ಯಾಯವನ್ನು ಇಂಗ್ಲಿಷಿಗೂ ಅನ್ವಯಿಸುತ್ತಾನೆ. ಒಳ್ಳೆಯ ಶಬ್ದವೊಂದನ್ನು ಹುಡುಕುತ್ತಾನೆ. ಅವನ ತರ್ಕದಲ್ಲಿ ದೋಷ ಕಾಣುವುದು ಕಷ್ಟ. ಇಂಗ್ಲಿಷರು ರೋಸ್ ಎನ್ನುತ್ತಾರೆ, ಲಿಲಿ ಎನ್ನುತ್ತಾರೆ. ಕಮಲಕ್ಕೆ ಅವರಲ್ಲಿರುವ ಲೋಟಸ್ ಎಂಬ ಶಬ್ದವನ್ನು ಮಗಳಿಗೆ ಇಡಲು ಒಪ್ಪುವುದಿಲ್ಲ. ಏಪ್ರಿಲ್, ಮೇ, ಜೂನ್ ಹೆಣ್ಣುಮಕ್ಕಳ ಹೆಸರುಗಳು. ಫೆಬ್ರವರಿ ಮಾತ್ರ ಅಲ್ಲ. ಏಕೆಂದು ಕೇಳಿದರೆ ರೂಢಿ ಎನ್ನುವುದರ ಹೊರತು ಉತ್ತರವಿಲ್ಲ. ವಿಂಟರ್ ಎಂದು ಹೆಸರಿಟ್ಟುಕೊಂಡವಳು ಇಂಗ್ಲಿಷಿನ ನಿಯಮವನ್ನು ಮುರಿದವಳಲ್ಲ, ಅವರೇ ಅರ್ಧಕ್ಕೆ ಬಿಟ್ಟ ನಿಯಮವನ್ನು ಪೂರ್ತಿ ನಡೆಸಿದವಳು. ಸೇಬಿನ ಮಾತಂತೂ ಸ್ವಾರಸ್ಯವಾಗಿದೆ. ಚೀನೀ ಭಾಷೆಯಲ್ಲಿ ಸೇಬು 'ಪಿಂಗ್‌ಗುವೊ'. ನೆಮ್ಮದಿ, ಕ್ಷೇಮ ಎಂಬ ಅರ್ಥದ ಶಬ್ದದ ಮೊದಲಿಗೂ ಅದೇ 'ಪಿಂಗ್' ಧ್ವನಿ ಇದೆ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಗೆ ಅವರು ಕ್ಷೇಮದ ರಾತ್ರಿ ಎಂದು ಹೆಸರು ಕೊಟ್ಟಿದ್ದಾರೆ. ಆ ರಾತ್ರಿ ಗೆಳೆಯರಿಗೆ ಬಣ್ಣದ ಕಾಗದ ಸುತ್ತಿದ ಸೇಬು ಕೊಡುವ ವಾಡಿಕೆ ಬೆಳೆದದ್ದು ಈ ಧ್ವನಿಯ ಬಲದಿಂದಲೇ. ಆ್ಯಪಲ್ ಎಂಬ ಹುಡುಗಿಯನ್ನು ಕಂಡು ನಗುವವನ ಕಿವಿಗೆ ಈ ಕ್ಷೇಮ ಕೇಳಿಸುವುದಿಲ್ಲ. ಮೀನಿಗೂ ಹೀಗೆಯೇ, ಅದರ ಚೀನೀ ಶಬ್ದವಾದ 'ಯು' ಸಮೃದ್ಧಿ ಎಂಬುದರ ಧ್ವನಿಯೂ ಹೌದು, ಹೊಸವರ್ಷದ ಊಟದಲ್ಲಿ ಮೀನು ಇರಲೇಬೇಕು. ಅಂದಹಾಗೆ, 2004ರಲ್ಲಿ ಹಾಲಿವುಡ್ಡಿನ ನಟಿ ಗ್ವಿನೆತ್ ಪ್ಯಾಲ್ಟ್ರೊ ತಮ್ಮ ಮಗಳಿಗೆ ಆ್ಯಪಲ್ ಎಂದೇ ಹೆಸರಿಟ್ಟರು. ಚೀನೀ ಹುಡುಗಿಯರ ಹೆಸರೇ ಅಲ್ಲಿಯೂ ಹೆಸರಾಯಿತು.

ಇಷ್ಟಾದರೆ ಇದು ಭಾಷೆಯ ಮಾತಾಯಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು. ಒಬ್ಬ ಮನುಷ್ಯನಿಗೆ ಒಂದೇ ಹೆಸರು ಸಾಕೆಂಬುದು ಚೀನೀಯರ ಹಳೆಯ ಕಲ್ಪನೆಯೇ ಅಲ್ಲ. ಎಳೆಯ ಮಗುವಿಗೆ ಹಾಲುಹೆಸರು. ಕೆಟ್ಟ ದೃಷ್ಟಿ ತಾಗದಿರಲೆಂದು ನಾಯಿ ತಿಂದುಳಿದದ್ದು ಎಂಬಂಥ ಹೆಸರನ್ನೂ ಹಳ್ಳಿಗರು ಇಡುತ್ತಿದ್ದರು, ನಮ್ಮವರು ತಿಪ್ಪಯ್ಯ ಎಂದಿಟ್ಟಂತೆ. ಆಮೇಲೆ ಹಿರಿಯರು ಕೊಟ್ಟ ನಿಜನಾಮ, ಅದು 'ಮಿಂಗ್'. ಹುಡುಗನಿಗೆ ಇಪ್ಪತ್ತಾದಾಗ ತಲೆಗೆ ಟೊಪ್ಪಿಗೆ ತೊಡಿಸುವ ಸಂಸ್ಕಾರ; ಅಂದಿನಿಂದ ಲೋಕದವರು ಕರೆಯಲು ಇನ್ನೊಂದು ಹೆಸರು. ನಿಜನಾಮವನ್ನು ತಂದೆತಾಯಿ, ಗುರು, ಅರಸು ಮಾತ್ರ ಕರೆಯಬಹುದು. ಸಮಾನರು ಬಾಯಿಬಿಟ್ಟು ಆ ಹೆಸರು ಹಿಡಿದರೆ ಅವಮಾನ. ಅರಸನ ಹೆಸರಿನ ಅಕ್ಷರವನ್ನಂತೂ ಯಾರೂ ಬಳಸುವಂತಿರಲಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಹಾನ್ ಚಕ್ರವರ್ತಿಯೊಬ್ಬನ ಹೆಸರು ಹೆಂಗ್ ಆಗಿದ್ದುದರಿಂದ ಚಂದ್ರಲೋಕದ ದೇವತೆ ಹೆಂಗ್‌ಅ ತನ್ನ ಹೆಸರು ಕಳೆದುಕೊಂಡು ಚಾಂಗ್‌ಅ ಆದಳು. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಲೇಬೇಕಾದ ಶುಭಕಾರ್ಯದಲ್ಲಿ ಒಡಪಿನೊಳಗೆ ಅಡಗಿಸಿ ಹೇಳುತ್ತಿದ್ದಳು. ಹೆಸರು ಎಲ್ಲರ ಬಾಯಿಗೆ ಸಿಕ್ಕುವ ವಸ್ತುವಲ್ಲ ಎಂಬ ಭಾವ ಎರಡು ಕಡೆಯೂ ಒಂದೇ.

ಇವೆಲ್ಲ ಇನ್ನೊಬ್ಬರು ಕೊಟ್ಟವು. ತಾನೇ ಕೊಟ್ಟುಕೊಳ್ಳುವ ಹೆಸರೂ ಒಂದಿತ್ತು, ಅದಕ್ಕೆ 'ಹಾವ್' ಎನ್ನುತ್ತಾರೆ. ನಮ್ಮ ಕಾವ್ಯನಾಮಕ್ಕೆ ಹತ್ತಿರ, ಆದರೆ ಅದಕ್ಕಿಂತ ಸಲಿಗೆಯದು. ಹನ್ನೊಂದನೆಯ ಶತಮಾನದ ದೊಡ್ಡ ಗದ್ಯಕಾರ ಓಯಾಂಗ್ ಶಿಯೂ ನಲವತ್ತರ ಹೊತ್ತಿಗೆ ತನ್ನನ್ನು ಕುಡುಕ ಮುದುಕ ಎಂದು ಕರೆದುಕೊಂಡ. ವಯಸ್ಸಾಗಿ ಅಧಿಕಾರದಿಂದ ಬಿಡುಗಡೆ ಬಯಸಿದಾಗ, 1070ರಲ್ಲಿ, ಅದನ್ನು ಬಿಟ್ಟು ಆರು ಒಂದುಗಳ ಗೃಹಸ್ಥ ಎಂದು ಹೊಸ ಹೆಸರು ತಳೆದ. ಹತ್ತು ಸಾವಿರ ಸುರುಳಿ ಪುಸ್ತಕಗಳದೊಂದು ಸಂಗ್ರಹ, ಸಾವಿರ ಸುರುಳಿ ಶಾಸನಪ್ರತಿಗಳದೊಂದು ಸಂಗ್ರಹ, ಒಂದು ತಂತಿವಾದ್ಯ, ಒಂದು ಚದುರಂಗದ ಮಣೆ, ಒಂದು ಹೂಜಿ ಮದ್ಯ. ಇವು ಐದಾದವಲ್ಲ, ಆರನೆಯದು ಯಾವುದು ಎಂದು ಬಂದ ಅತಿಥಿ ಕೇಳಿದನಂತೆ. ಈ ಐದರ ನಡುವೆ ಮುಪ್ಪಾಗುತ್ತಿರುವ ಒಬ್ಬ ಮುದುಕನಿದ್ದಾನಲ್ಲ ಎಂದು ಉತ್ತರ. ಹೆಸರು ಬಿಟ್ಟು ಓಡಬೇಕೆನ್ನುವವನು ಹೀಗೆ ಹೆಸರು ಬದಲಿಸುತ್ತ ಹೋಗುವುದೇನೆಂದು ಅತಿಥಿ ಕೆಣಕಿದ್ದನ್ನೂ ಓಯಾಂಗ್ ತಾನೇ ಬರೆದಿಟ್ಟಿದ್ದಾನೆ. ಅವನ ಶಿಷ್ಯಸಮಾನನಾದ ಕವಿ ಸು ಷಿ, ಹುವಾಂಗ್‌ಜೌ ಎಂಬಲ್ಲಿಗೆ ಗಡಿಪಾರಾದಾಗ ಊರ ಪೂರ್ವದ ಇಳುಕಲಿನಲ್ಲಿ ಬೇಸಾಯ ಮಾಡಿ ಹೊಟ್ಟೆ ಹೊರೆದ. ಪೂರ್ವದ ಇಳುಕಲು ಎಂಬ ಅರ್ಥದ ದೊಂಗ್‌ಪೊ ಎಂಬುದನ್ನೇ ಹೆಸರಾಗಿ ಧರಿಸಿದ. ಇಂದು ಚೀನೀಯರ ನಾಲಗೆಯಲ್ಲಿ ನಿಂತಿರುವುದು ತಂದೆ ಇಟ್ಟ ಹೆಸರಿಗಿಂತ ಹೆಚ್ಚಾಗಿ ಆ ಹೊಲದ ಹೆಸರು. ನೂರಕ್ಕೂ ಹೆಚ್ಚು ಲೇಖನನಾಮಗಳನ್ನು ಬಳಸಿದ ಲೂ ಶುನ್‌ಗೆ ತಂದೆಯ ಕಡೆಯಿಂದ ಬಂದ ವಂಶದ ಹೆಸರು ಜೌ. ಲೂ ಎಂಬುದು ತಾಯಿಯ ತೌರಿನದು. ಅಂಬಿಕೆಯ ಮಗನೆಂದು ಸಾರಿಕೊಂಡ ಅಂಬಿಕಾತನಯದತ್ತರನ್ನು ಓದಿದ ನಮಗೆ ಆ ಆಯ್ಕೆಯ ಮರ್ಮ ಹೇಳಿಕೊಡಬೇಕಾಗಿಲ್ಲ.

ಚಳಿಗಾಲ, ಮೀನು, ಕಾಮನಬಿಲ್ಲು ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟುಕೊಳ್ಳುವ ಇಂದಿನ ತರುಣತರುಣಿಯರು ಪೂರ್ವದ ಇಳುಕಲಿನ ಮತ್ತು ಆರು ಒಂದುಗಳ ಸಂತತಿ ಎಂದು ನನ್ನ ಭಾವನೆ. ಹಳೆಯ ಹಾವ್‌ನ ಬಳಕೆ ಬಹುಮಟ್ಟಿಗೆ ನಿಂತಿತು. ಅದರ ಹಸಿವು ನಿಲ್ಲಲಿಲ್ಲ. ಕಾಲೇಜಿನಲ್ಲಿ ಒಂದು, ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ಎಂದು ಅವರು ಇಂಗ್ಲಿಷ್ ಹೆಸರು ಬದಲಿಸುವುದನ್ನು ಚಂಚಲತೆ ಎನ್ನುವವರು ಓಯಾಂಗನ ಅತಿಥಿಯ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ.

ಆದರೆ ಈ ಪದ್ಧತಿಯ ಹುಟ್ಟಿಗೆ ಇನ್ನೊಂದು ಮುಖವಿದೆ, ಅದು ಅಷ್ಟು ಹಿತವಾದದ್ದಲ್ಲ. 1842ರಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ವಶವಾಯಿತು. ಚೀನದ ರೇವುಪಟ್ಟಣಗಳು ಪರದೇಶಿಯರಿಗೆ ತೆರೆದವು. ಮಿಶನರಿ ಶಾಲೆಗಳು ಬಂದವು. ಉಪಾಧ್ಯಾಯರ ನಾಲಗೆ ಹೊರಳದಿದ್ದುದರಿಂದ ಮಕ್ಕಳಿಗೆ ಇಂಗ್ಲಿಷ್ ಹೆಸರುಗಳು ದೊರೆತವು. ಕೊಟ್ಟದ್ದು ಬೇರೆ, ಆರಿಸಿದ್ದು ಬೇರೆ. ಈ ಎರಡರ ನಡುವೆ ಏನೆಲ್ಲ ನಡೆಯಬಹುದೆಂಬುದಕ್ಕೆ ಲೇಖಕಿ ಜಾಂಗ್ ಆಯ್‌ಲಿಂಗ್ ಅವರ ಹೆಸರೇ ಸಾಕ್ಷಿ. ಹೊರಗಿನವರಿಗೆ ಅವರು ಐಲೀನ್ ಚಾಂಗ್. 1920ರಲ್ಲಿ ಶಾಂಘಾಯಿಯಲ್ಲಿ ಹುಟ್ಟಿದಾಗ ಇಟ್ಟ ಹೆಸರು ಯಿಂಗ್. ಹತ್ತು ವರ್ಷವಾದಾಗ, ತಂದೆಗೆ ಇಷ್ಟವಿಲ್ಲದಿದ್ದರೂ, ತಾಯಿ ಹಟತೊಟ್ಟು ಮಗಳನ್ನು ಶಾಲೆಗೆ ಕರೆದೊಯ್ದರು. ಪ್ರವೇಶಪತ್ರ ತುಂಬುವಾಗ ಯಿಂಗ್ ಎಂಬುದು ಕಿವಿಗೆ ಸೊಗಸಾಗಿಲ್ಲವೆನ್ನಿಸಿ, ಸದ್ಯಕ್ಕೆ ಇರಲೆಂದು, ಐಲೀನ್ ಎಂಬ ಇಂಗ್ಲಿಷ್ ಹೆಸರನ್ನೇ ಎರಡು ಚೀನೀ ಅಕ್ಷರಗಳಿಗೆ ತಿರುಗಿಸಿ ಬರೆದರು. ಅದೇ ನಿಂತಿತು. ಚೀನೀ ಹೆಸರಿನಿಂದ ಇಂಗ್ಲಿಷ್ ಹೆಸರು ಹುಟ್ಟುವುದು ಸಾಮಾನ್ಯ. ಇಲ್ಲಿ ಇಂಗ್ಲಿಷಿನಿಂದ ಚೀನೀ ಹೆಸರು ಹುಟ್ಟಿತು. ಹೆಸರುಗಳನ್ನು ಸರಿಪಡಿಸಬೇಕೆಂಬ ಕನ್ಫ್ಯೂಷಿಯಸ್ಸನ ಪ್ರಸಿದ್ಧ ಮಾತನ್ನೇ ಶೀರ್ಷಿಕೆಯಾಗಿಟ್ಟು ಆಕೆ 1944ರಲ್ಲಿ ಒಂದು ಪ್ರಬಂಧ ಬರೆದರು. ತನ್ನ ಹೆಸರು ತೀರ ಸಾಧಾರಣವಾದದ್ದೆಂದು ಅದರಲ್ಲಿ ನಿರ್ದಾಕ್ಷಿಣ್ಯವಾಗಿ ಹೇಳಿಕೊಂಡಿದ್ದಾರೆ. ಆದರೂ ಬದಲಿಸಲು ಮನಸ್ಸು ಬರುತ್ತಿಲ್ಲ, ತಾಯಿ ಅದನ್ನು ಬರೆದ ಗಳಿಗೆಯ ನೆನಪು ಅದರಲ್ಲಿದೆ ಎಂದೂ ಹೇಳಿದ್ದಾರೆ.

ಹಾಂಗ್‌ಕಾಂಗಿನವರು ಈ ಕಲೆಯಲ್ಲಿ ಎಲ್ಲರಿಗಿಂತ ಮುಂದೆ ಹೋದರು. ಅಲ್ಲಿ 1993ರಿಂದ 2001ರವರೆಗೆ ಆಡಳಿತದ ಮುಖ್ಯ ಕಾರ್ಯದರ್ಶಿಯಾಗಿದ್ದ ಮಹಿಳೆ ಆ್ಯನ್ಸನ್ ಚಾನ್. ಆ್ಯನ್ಸನ್ ಇಂಗ್ಲಿಷಿನಲ್ಲಿ ಗಂಡಸಿನ ಹೆಸರು. ಆದರೆ ಅವರ ಚೀನೀ ಹೆಸರಾದ ಓನ್‌ಸಾಂಗ್ ಅದರೊಳಗಿಂದ ಕೇಳಿಸುತ್ತದೆ. ಧ್ವನಿಯನ್ನು ಉಳಿಸಿಕೊಳ್ಳಲು ಲಿಂಗವನ್ನು ಬಿಟ್ಟುಕೊಟ್ಟರೆಂದು ವ್ಯಾಕರಣದ ಮೇಷ್ಟರಾಗಿ ನಾನು ಹೇಳಬಹುದು. 2012ರಿಂದ 2018ರವರೆಗೆ ಅಲ್ಲಿನ ನ್ಯಾಯಾಂಗ ಕಾರ್ಯದರ್ಶಿಯಾಗಿದ್ದವರು ರಿಮ್ಸ್ಕಿ ಯೂನ್; ರಷ್ಯದ ಸಂಗೀತಗಾರನ ಜೋಡಿಹೆಸರಿನ ಅರ್ಧ ಥಟ್ಟನೆ ನೆನಪಾಗುತ್ತದೆ. ಅಲ್ಲಿ ಇಂಥ ಹೆಸರು ಗುರುತಿನ ಚೀಟಿಗೂ ಏರಬಹುದು.

ಚೀನದ ಮುಖ್ಯ ಭೂಭಾಗದಲ್ಲಿ ಹಾಗಿಲ್ಲ. 1978ರ ಸುಧಾರಣೆಗಳ ತರುವಾಯ ಇಂಗ್ಲಿಷ್ ತರಗತಿಗಳು ತುಂಬಿದವು, ಪರದೇಶದ ಉದ್ಯಮಗಳು ಬಂದವು, ಅದರ ಜೊತೆಯಲ್ಲೇ ಈ ಹೆಸರುಗಳೂ ಹಬ್ಬಿದವು. ಆದರೆ ಸರಕಾರದ ಗುರುತಿನ ಚೀಟಿಯಲ್ಲಿ ಚೀನೀ ಹೆಸರೊಂದೇ. ಜಿಯಾಂಗ್‌ಶಿ ಪ್ರಾಂತದ ವಿದ್ಯಾರ್ಥಿಯೊಬ್ಬನಿಗೆ ತಂದೆ 'ಸಿ' ಎಂಬ ರೋಮನ್ ಅಕ್ಷರವನ್ನೇ ಹೆಸರಾಗಿ ಇಟ್ಟಿದ್ದ. ಹೊಸ ಗುರುತಿನ ಚೀಟಿ ಕೊಡಲು ಪೊಲೀಸರು ಒಪ್ಪಲಿಲ್ಲ. 2008ರಲ್ಲಿ ಕೆಳಗಿನ ನ್ಯಾಯಾಲಯ ವಿದ್ಯಾರ್ಥಿಯ ಪರವಾಗಿ ತೀರ್ಪಿತ್ತಿತು. 2009ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ರಾಜಿಯಾಗಿ ಹೆಸರು ಬದಲಿಸಲು ಒಪ್ಪಬೇಕಾಯಿತು. ದಾಖಲೆಯ ಹೆಸರು ಅಷ್ಟು ಬಿಗಿ.

ಈ ಬಿಗಿಯನ್ನು ನೆನೆದರೆ ಇಂಗ್ಲಿಷ್ ಹೆಸರಿನ ಸಡಿಲ ಏಕೆ ಪ್ರಿಯವಾಯಿತೆಂದು ತಿಳಿಯುತ್ತದೆ. ಹಳೆಯ ಮನೆತನಗಳಲ್ಲಿ ತಲೆಮಾರಿಗೊಂದು ಅಕ್ಷರ ಮೊದಲೇ ಗೊತ್ತಾಗಿರುತ್ತಿತ್ತು. ಹುಟ್ಟುವ ಮುನ್ನವೇ ಮಗುವಿನ ಅರ್ಧ ಹೆಸರು ಸಿದ್ಧ. 1949ರ ಸುಮಾರಿಗೆ ಹುಟ್ಟಿದ ಎಷ್ಟೋ ಗಂಡುಮಕ್ಕಳು ದೇಶ ಕಟ್ಟು ಎಂಬ ಅರ್ಥದ ಜಿಯಾನ್‌ಗುವೊ ಆದರು; ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಕೆಂಪು ಎಂಬ ಅರ್ಥದ ಹೊಂಗ್ ಎಷ್ಟೋ ಹೆಸರುಗಳನ್ನು ಸೇರಿತು. ವಂಶ, ಜಾತಕ, ರಾಷ್ಟ್ರ, ಎಲ್ಲವೂ ಮನುಷ್ಯನ ಹೆಸರಿನಲ್ಲಿ ಪಾಲು ಕೇಳಿದವು. ಇಷ್ಟಾಗಿಯೂ ಜಾಂಗ್ ವೇಯ್ ಎಂಬ ಒಂದೇ ಹೆಸರಿನವರು 2007ರ ಎಣಿಕೆಯಲ್ಲಿ ಸುಮಾರು 2 ಲಕ್ಷ 90 ಸಾವಿರ ಮಂದಿ ಇದ್ದರು. ಆ ಲಕ್ಷಗಳಲ್ಲಿ ಒಬ್ಬ ಹದಿನೆಂಟನೆಯ ವಯಸ್ಸಿನಲ್ಲಿ ನಿಘಂಟು ತೆರೆದು, ಯಾರನ್ನೂ ಕೇಳದೆ, ತನ್ನ ಬಗ್ಗೆ ತಾನೇ ಒಂದು ಶಬ್ದ ಆರಿಸುತ್ತಾನೆ. ಜೀವಮಾನದಲ್ಲಿ ಆ ಅವಕಾಶ ಅವನಿಗೆ ಅದೇ ಮೊದಲು.

ಕಚೇರಿಯಲ್ಲಿಯೂ ಇದರ ಉಪಯೋಗವುಂಟು. ಚೀನೀ ಮರ್ಯಾದೆಯಲ್ಲಿ ಮೇಲಧಿಕಾರಿಯನ್ನು ವಂಶದ ಹೆಸರು, ಹುದ್ದೆ ಸೇರಿಸಿ ಕರೆಯಬೇಕು, ಮ್ಯಾನೇಜರ್ ವಾಂಗ್ ಎಂಬ ಹಾಗೆ. ಇಂಗ್ಲಿಷ್ ಹೆಸರಿಗೆ ಆ ತೂಕವಿಲ್ಲ, ಯಾರು ಯಾರನ್ನಾದರೂ ಕರೆಯಬಹುದು. ಅಲಿಬಾಬಾ ಎಂಬ ದೊಡ್ಡ ಸಂಸ್ಥೆಯಲ್ಲಿ ಇದೇ ಉದ್ದೇಶಕ್ಕೆ ಇಂಗ್ಲಿಷನ್ನು ಬಿಟ್ಟು ಜಿನ್ ಯೊಂಗ್ ಅವರ ಕಾದಂಬರಿಗಳ ಖಡ್ಗವೀರರ ಹೆಸರುಗಳನ್ನು ಹಿಡಿದರು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಮಕ್ಕಳೂ ರಾತ್ರಿಪಾಳಿಗೆ ಅಮೆರಿಕದ ಹೆಸರು ಧರಿಸಿ ಕೂತರು. ಎರಡನ್ನೂ ಒಂದೇ ಎನ್ನಲಾರೆ. ನಮ್ಮವರದು ದೂರವಾಣಿಯ ಆಚೆಯವನು ತಮ್ಮನ್ನು ಗುರುತಿಸದಿರಲೆಂದು ಹಾಕಿಕೊಂಡ ಮುಖವಾಡ, ಬೆಳಗಾದರೆ ಬಿಚ್ಚಿಡುವಂಥದು. ಹಿಮ ಎಂದು ಹೆಸರಿಟ್ಟುಕೊಂಡವಳು ಗುರುತಿಸಲೆಂದೇ ಇಟ್ಟುಕೊಂಡಿದ್ದಾಳೆ.

ಕೆಲವು ವರ್ಷಗಳ ಹಿಂದೆ ಪರದೇಶದ ಒಂದು ವಿಚಾರಸಂಕಿರಣಕ್ಕೆ ಹೋಗಿದ್ದೆ. ನಮ್ಮ ಹೆಸರಿನ ಮುಂದಿನ ಊರು, ತಂದೆ, ಇವುಗಳ ಲೆಕ್ಕ ತಿಳಿಯದೆ ಯಾರೋ ನನ್ನ ಎದೆಯ ಚೀಟಿಯಲ್ಲಿ ನಮ್ಮ ಹಳ್ಳಿಯ ಹೆಸರನ್ನಷ್ಟೇ ಅಚ್ಚುಹಾಕಿದ್ದರು. ಮೂರು ದಿನ ನಾನು ಹಳ್ಳಿಯಾಗಿಯೇ ಓಡಾಡಿದೆ. ಪಕ್ಕದಲ್ಲಿ ಕುಳಿತಿದ್ದ ಚೀನೀ ಸಂಶೋಧಕಿಯ ಚೀಟಿಯಲ್ಲಿ ಹಿಮದ ಇಂಗ್ಲಿಷ್ ಶಬ್ದವಿತ್ತು. ನಿಜನಾಮ ಕೇಳಿದೆ, ಶುಎ ಎಂದರು. ನಾನು ಹೇಳಲು ಹೋದೆ; ಆಕೆ ನಕ್ಕು ತಲೆಯಾಡಿಸಿದರು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ನಾಲ್ಕು ಬಗೆ. ಏರಬೇಕಾದಲ್ಲಿ ಏರದಿದ್ದರೆ ಶಬ್ದವೇ ಬೇರೆಯಾಗುತ್ತದೆ. ಹಿಮವಾಗಬೇಕಾದದ್ದನ್ನು ನಾನು ರಕ್ತ ಮಾಡಿದ್ದೆನಂತೆ. ತಾಯಿ ಕರೆಯುವ ಹೆಸರು ಹೀಗೆ ದಿನಕ್ಕೆ ನಾಲ್ಕು ಬಾರಿ ಮುರಿಯುವುದನ್ನು ಕೇಳಲಾರದೆ, ಮುರಿದರೂ ನೋವಾಗದ ಒಂದನ್ನು ಹೊರಗಿನವರಿಗೆ ಕೊಟ್ಟಿದ್ದೇನೆ ಎಂಬರ್ಥದ ಮಾತನ್ನು ಆಕೆ ಬಹಳ ಸೌಜನ್ಯದಿಂದ ಹೇಳಿದರು. ನಿಜನಾಮವನ್ನು ಪರರ ನಾಲಗೆಯಿಂದ ಕಾಯುವ ಹಳೆಯ ಮರ್ಯಾದೆ ನನಗೆ ಅಲ್ಲಿ ಕಂಡಿತು.

ತಾವು ಇನ್ನೊಬ್ಬರಿಗೆ ಹೆಸರಿಡುವಾಗ ಚೀನೀಯರು ತೋರುವ ಶ್ರದ್ಧೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1924ರಲ್ಲಿ ರವೀಂದ್ರನಾಥ ಠಾಕೂರರು ಪೀಕಿಂಗಿನಲ್ಲಿ ಹುಟ್ಟುಹಬ್ಬ ಕಂಡಾಗ ವಿದ್ವಾಂಸ ಲಿಯಾಂಗ್ ಚಿಚಾವ್ ಅವರಿಗೆ ಜು ಜೆನ್‌ದಾನ್ ಎಂದು ಹೆಸರು ಕೊಟ್ಟರು. ಜು ಎಂಬುದು ಭಾರತಕ್ಕಿದ್ದ ಪ್ರಾಚೀನ ಚೀನೀ ಹೆಸರಿನ ತುಣುಕು. ಜೆನ್‌ದಾನ್ ಎಂಬುದು ಪ್ರಾಚೀನ ಭಾರತೀಯರು ಚೀನಕ್ಕೆ ಹೇಳುತ್ತಿದ್ದ ಚೀನಸ್ಥಾನ ಎಂಬುದರ ಚೀನೀ ರೂಪ. ಅಕ್ಷರಗಳನ್ನು ಬಿಡಿಸಿದರೆ ಗುಡುಗು ಮತ್ತು ಉದಯ, ಎಂದರೆ ಇಂದ್ರ ಮತ್ತು ರವಿ. 1938ರಲ್ಲಿ ಯುದ್ಧಪೀಡಿತ ಚೀನಕ್ಕೆ ಹೋದ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು ಅಲ್ಲಿ ಕ ದಿಹುವಾ ಆದರು. ಕೊನೆಯ ಹುವಾ ಎಂದರೆ ಚೀನ. 1942ರಲ್ಲಿ ಅವರ ಚೀನೀ ಪತ್ನಿಯಲ್ಲಿ ಹುಟ್ಟಿದ ಮಗನ ಹೆಸರು ಯಿನ್‌ಹುವಾ, ಭಾರತದ ಒಂದು ಅಕ್ಷರ, ಚೀನದ ಒಂದು ಅಕ್ಷರ. ಅದೇ ವರ್ಷದ ಡಿಸೆಂಬರಿನಲ್ಲಿ ತಂದೆ ತೀರಿಕೊಂಡರು.

ತೈವಾನಿನ ಲೇಖಕಿ ಸಾನ್ ಮಾವ್ ಅವರನ್ನು ಇಲ್ಲಿ ನೆನೆಯದಿರಲಾರೆ. ಹೆತ್ತವರು ಇಟ್ಟ ಹೆಸರಿನ ನಡುವಣ ಅಕ್ಷರ ಬರೆಯಲು ತೊಡಕೆಂದು ಎಳೆಯ ಮಗುವಾಗಿದ್ದಾಗಲೇ ಅದನ್ನು ಕೈಬಿಟ್ಟ ಧೀರೆ. ಆಕೆ ತನಗೆ ಇಟ್ಟುಕೊಂಡ ಇಂಗ್ಲಿಷ್ ಹೆಸರು ಎಕೋ. ಗ್ರೀಕ್ ಪುರಾಣದಲ್ಲಿ, ತನ್ನ ಮಾತು ಕಳೆದುಕೊಂಡು ಪರರ ಮಾತನ್ನೇ ಮರುನುಡಿಯುವ ಅಪ್ಸರೆಯ ಹೆಸರದು. ಸಹಾರಾ ಮರಳುಗಾಡಿನ ತನ್ನ ಬದುಕನ್ನು ಆಕೆ ಬರೆದ ಪುಸ್ತಕ 1976ರಲ್ಲಿ ಹೊರಬಂದಿತು. ಅದನ್ನು ಓದಿದ ಎಷ್ಟೋ ಚೀನೀ ಹುಡುಗಿಯರು ಎಕೋ ಎಂದು ಹೆಸರಿಟ್ಟುಕೊಂಡರು. ಮಾರ್ದನಿಗೂ ಮಾರ್ದನಿಗಳಾದವು.

ಈಚೆಗೆ ಪರದೇಶಗಳಲ್ಲಿ ಓದುವ ಚೀನೀ ತರುಣರಲ್ಲಿ ಇಂಗ್ಲಿಷ್ ಹೆಸರೇ ಬೇಡ, ನಮ್ಮ ಹೆಸರನ್ನೇ ಕಲಿತು ಕರೆಯಿರಿ ಎನ್ನುವವರು ಇದ್ದಾರೆ. ಅವರ ಪಕ್ಷವೂ ನನಗೆ ನ್ಯಾಯವಾಗಿಯೇ ತೋರುತ್ತದೆ. ಗುರುವಾದವನು ಶಿಷ್ಯನ ಹೆಸರು ಕಲಿಯುವಷ್ಟು ಶ್ರಮಪಡಬೇಕು. ಎರಡನ್ನೂ ಇಟ್ಟುಕೊಂಡವರೂ ಇದ್ದಾರೆ. ಕಾಫಿಯಂಗಡಿಯ ಲೋಟದ ಮೇಲೆ ಗೀಚಿಸುವುದಕ್ಕೆ ವಿಂಟರ್ ಸಾಕು. ಪದವೀದಾನದ ದಿನ ಮಾತ್ರ, ವೇದಿಕೆಯಿಂದ ಹೆಸರು ಓದುವವರಿಗೆಂದು, ತಾತ ಆರಿಸಿದ ಎರಡು ಅಕ್ಷರಗಳನ್ನು ರೋಮನ್ ಲಿಪಿಯಲ್ಲಿ ಬರೆದು, ಯಾವುದನ್ನು ಹೇಗೆ ಉಚ್ಚರಿಸಬೇಕೆಂದು ಕೆಳಗೆ ಗುರುತು ಹಾಕಿದ ಚೀಟಿಯನ್ನು ಮೊದಲೇ ಕೊಟ್ಟಿರುತ್ತಾರೆ.